ಕಾಶವ್ವನ ಮನೆ ತುಂಬಿದ ಎಣ್ಣೆ

ನಮ್ಮೂರನ್ನು ನೀವು ನಕಾಶೆಯಲ್ಲಿ ಹುಡುಕಬೇಡಿ, ಸಿಕ್ಕುವುದಿಲ್ಲ. ಟ್ಯಾಂಕರ್ ಓಡಿಸುವವರಿಗೆ ದಾರಿ ಗೊತ್ತು, ಅಷ್ಟು ಸಾಕು. ಸುತ್ತ ಉಪ್ಪು ಬಿಳಿಚಿಕೊಂಡ ಬಯಲು, ನಡುವೆ ಒಂದು ಗೋಡೆ, ಗೋಡೆಯ ಒಳಗೆ ಮನೆಗೊಂದು ಎಣ್ಣೆ ಬಾವಿ. ಬೇರೆ ಕಡೆ ಎಣ್ಣೆ ತೆಗೆಯಲು ಭೂಮಿಗೆ ಕೊಳವೆ ಇಳಿಸಿ ಯಂತ್ರ ಹಚ್ಚುತ್ತಾರಂತೆ. ನಮ್ಮಲ್ಲಿ ಹಗ್ಗ, ಕೊಡ, ರಾಟೆ. ನಾನು ಗೋಡೆಯ ಹೆಬ್ಬಾಗಿಲ ಎದುರಿಗೆ ಖಾನಾವಳಿ ಇಟ್ಟವನು. ರೊಟ್ಟಿ ತಿನ್ನಲು ಬಂದವರು ತಟ್ಟೆ ಬಿಟ್ಟು ಹೋಗುವಂತೆ ಸುದ್ದಿಯನ್ನೂ ಬಿಟ್ಟು ಹೋಗುತ್ತಾರೆ. ಹಾಗಾಗಿ ಕಾಶವ್ವನ ಸಂಗತಿ ನನಗೆ ಗೊತ್ತಿರುವಷ್ಟು ಅವಳ ಗಂಡ ಯಮನಪ್ಪನಿಗೂ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಊಟ ಮತ್ತು ನಿದ್ದೆ ಎರಡೇ ಎಂದು ಕಾಶವ್ವನೇ ಹೇಳುತ್ತಿದ್ದಳು.

ನಮ್ಮ ಬಾವಿಗಳಲ್ಲಿ ದಿನಾ ಬರುವ ಎಣ್ಣೆ ಬೇರೆ, ನೆಂಟ ಎಣ್ಣೆ ಬೇರೆ. ದೂರದ ಯಾವುದೋ ದೇಶದಲ್ಲಿ ಗದ್ದಲವೆದ್ದು, ಬಂದೂಕು ಹಾರಿ, ಜನ ಮನೆಮಠ ಬಿಟ್ಟು ಓಡಿ, ಅಲ್ಲಿನ ಬಾವಿಗಳು ನಿಂತವೆಂದರೆ ಆ ಎಣ್ಣೆ ನಮ್ಮಲ್ಲಿಗೆ ಬಂದು ಇಳಿದುಕೊಳ್ಳುತ್ತದೆ. ರೇಡಿಯೋದಲ್ಲಿ ಸುದ್ದಿ ಆಮೇಲೆ, ನಮ್ಮ ಬಾವಿಯ ಮುಚ್ಚಳ ಅಲುಗಾಡುವುದು ಮೊದಲು. ವಾಸನೆ ಹಿಡಿದೇ ಯಾವ ಕಡೆಯದೆಂದು ನಮ್ಮೂರ ಮಕ್ಕಳೂ ಹೇಳುತ್ತವೆ. ಒಂದು ದೇಶದ್ದು ಹಸಿ ಶುಂಠಿಯ ವಾಸನೆ, ಇನ್ನೊಂದರದು ಹೊಸದಾಗಿ ಸುಣ್ಣ ಬಳಿದ ಗೋಡೆಯದು. ಹಾಗೆ ಬಂದದ್ದು ಸೇದಿದಷ್ಟೂ ತುಂಬುತ್ತದೆ. ಟ್ಯಾಂಕರುಗಳು ಉಪ್ಪಿನ ಬಯಲಿನ ಉದ್ದಕ್ಕೂ ಸಾಲು ನಿಲ್ಲುತ್ತವೆ, ನಾವು ತುಂಬಿ ತುಂಬಿ ಕಳಿಸುತ್ತೇವೆ, ಎಲ್ಲೆಲ್ಲೋ ದೀಪಗಳು ಉರಿಯುತ್ತಲೇ ಇರುತ್ತವೆ. ಒಂದು ಬಾವಿ ನಿಂತಿತ್ತು ಎಂಬುದು ಆ ದೀಪದ ಕೆಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಅಲ್ಲಿ ಶಾಂತಿಯಾದ ಮೇಲೆ ಒಂದು ಸಂಜೆ ನೆಂಟ ಎಣ್ಣೆ ತಾನಾಗಿ ಇಳಿದು ತನ್ನೂರಿಗೆ ಹೋಗುತ್ತದೆ.

ನೆಂಟ ಬಂದ ದಿನಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಬಾವಿಯ ಕಟ್ಟೆಗೆ ಚೊಂಬು ನೀರು ಸುರಿದು, ಒಂದು ತುಣುಕು ಬೆಲ್ಲ ಇಟ್ಟು, "ಬರ್ರಿ, ಕೂಡ್ರಿ" ಎನ್ನಬೇಕು. ಅವತ್ತು ಹೊಸ ಬಟ್ಟೆ ಉಡಬಾರದು, ಸಿಹಿ ಮಾಡಬಾರದು. ಬಂದವರು ಸುಖಕ್ಕೆ ಬಂದವರಲ್ಲ, ಅಲ್ಲಿ ಯಾರದೋ ಮನೆ ಉರಿದಿದೆ. ಇದು ಹಿರಿಯರು ಹಾಕಿಕೊಟ್ಟ ರೀತಿ. ಅವರ ಮೊಮ್ಮಕ್ಕಳಾದ ನಾವು ಹೊರಗೆ ಮೋರೆ ಸಪ್ಪಗೆ ಮಾಡಿಕೊಂಡು ಒಳಗೆ ಒಲೆಯ ಮೇಲೆ ಹೂರಣ ಕುದಿಸುವುದನ್ನು ಕಲಿತಿದ್ದೆವು. ನೆಂಟ ಎಣ್ಣೆ ಬಂದ ದಿನ ನನ್ನ ಖಾನಾವಳಿಗೆ ಊರಿನ ಗಿರಾಕಿ ಒಬ್ಬನೂ ಬರುವುದಿಲ್ಲ. ಓಣಿಯ ತುಂಬ ಏಲಕ್ಕಿಯ ವಾಸನೆ ಇದ್ದರೂ ಯಾರೂ ಯಾರನ್ನೂ ಏನು ಅಡಿಗೆ ಎಂದು ಕೇಳುವುದಿಲ್ಲ.

ಕಾಶವ್ವನ ಬಾವಿ ಬತ್ತಿತ್ತು. ಅವಳು ಮದುವೆಯಾಗಿ ಬಂದ ಕಾಲಕ್ಕೆ ಕೊಡ ಬಿಟ್ಟರೆ ತುಂಬಿ ಬರುತ್ತಿತ್ತಂತೆ. ಬರಬರುತ್ತ ಅರ್ಧ ಕೊಡವಾಯಿತು, ಆಮೇಲೆ ಕೊಡದ ತಳ ಒದ್ದೆಯಾಗುವಷ್ಟು, ಆಮೇಲೆ ಬರೀ ಕಲ್ಲಿಗೆ ತಾಗಿದ ಸದ್ದು. ನೆಂಟ ಎಣ್ಣೆ ಕೂಡ ಅವಳ ಬಾವಿಯ ಕಡೆ ತಲೆ ಹಾಕುತ್ತಿರಲಿಲ್ಲ. ಬಡವರ ಮನೆಗೆ ನೆಂಟರೂ ಬರುವುದಿಲ್ಲ ಎನ್ನುವುದು ಸುಳ್ಳಲ್ಲ ನೋಡಿ. ಬತ್ತಿದ ಬಾವಿಗೆ ನಮ್ಮೂರಲ್ಲಿ ಕಲ್ಲು ಮುಚ್ಚುತ್ತಾರೆ. ಆ ಮನೆಯವರು ಗೋಡೆಯ ಹೊರಗೆ ಹೋಗಿ ಬಯಲಲ್ಲಿ ಗುಡಿಸಲು ಹಾಕಿಕೊಂಡು ಉಪ್ಪು ಕೆರೆದು ಬದುಕಬೇಕು. ಹಾಗೆ ಹೋದವರ ಅಂಗಾಲು ಒಡೆದರೆ ಮಾಯುವುದೇ ಇಲ್ಲ. ಊರ ಬಾವಿಗಳ ಯಜಮಾನಿಕೆ ರುದ್ರಗೌಡರದು. ಅವರು ಕಾಶವ್ವನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಹೇಳಿದರು: "ಈ ಹುಣ್ಣಿಮಿಗೆ ಕಲ್ಲು ಮುಚ್ಚೂಣು ಯವ್ವಾ. ನನ್ನ ಕೈಯಾಗ ಏನೈತಿ, ರೀತಿ ಐತಿ."

"ರೀತಿ ನನಗ ಗೊತ್ತೈತ್ರಿ ಗೌಡ್ರ," ಎಂದಳು ಕಾಶವ್ವ. "ಕಲ್ಲು ಹೊತ್ತು ತರೋರಿಗೆ ಮಜ್ಜಿಗಿ ಮಾಡಿ ಇಟ್ಟಿರ್ತೀನಿ, ಹೇಳ್ರಿ ಅವರಿಗೆ."

ಬಾಯಿ ಹಾಗೆ. ಒಳಗೆ ಮಾತ್ರ ಅವಳ ಜೀವ ಹಿಂಡುತ್ತಿತ್ತು. ಮಕ್ಕಳು ಮರಿ ಇಲ್ಲದ ಮನೆಯಲ್ಲಿ ಅವಳಿಗೆ ಮಾತಾಡಲು ಇದ್ದದ್ದು ಯಮನಪ್ಪ ಮತ್ತು ಆ ಬಾವಿ. ಇಬ್ಬರಲ್ಲಿ ಬಾವಿಯೇ ಮರುದನಿಯಾದರೂ ಕೊಡುತ್ತಿತ್ತು. ಅದರ ಮೇಲೆ ಕಲ್ಲು ಎಳೆಯುತ್ತಾರೆ, ತಾನು ಉಪ್ಪಿನಲ್ಲಿ ಕಾಲೂರಿಕೊಂಡು ಸಾಯಬೇಕು ಎಂದುಕೊಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಹುಣ್ಣಿಮೆಗೆ ಇನ್ನೂ ಒಂದಷ್ಟು ದಿನ ಇತ್ತು. ಕಾಶವ್ವ ಬಾವಿಕಟ್ಟೆಯ ಮಗ್ಗುಲಲ್ಲಿ ಕೂತು, ಮನೆ ಬಿಡುವ ತಯಾರಿಗೆ, ಸೇರಿನಿಂದ ಜೋಳ ಅಳೆದು ಚೀಲಕ್ಕೆ ಹಾಕುತ್ತಿದ್ದಳು. ಮಧ್ಯಾಹ್ನದ ಬಿಸಿಲು. ಯಮನಪ್ಪ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಮೊದಲು ಅಡಿಗೆಮನೆಯ ತಾಮ್ರದ ಪಾತ್ರೆಗಳು ಸಣ್ಣಗೆ ಸದ್ದು ಮಾಡಿದವು. ಆಮೇಲೆ ಅವಳು ಕೂತ ನೆಲವೇ ಗುಂಯ್‌ಗುಡತೊಡಗಿತು. ಊರ ಬಾವಿಗಳ ಮುಚ್ಚಳಗಳು ಒಂದಾದ ಮೇಲೊಂದು ಅಲುಗಾಡಿದ ಸದ್ದು ಓಣಿಯಿಂದ ಓಣಿಗೆ ಬಂತು. ಬಂತಪ್ಪಾ ಯಾರದೋ ಮನೆಗೆ ಭಾಗ್ಯ ಎಂದುಕೊಂಡು ಅವಳು ತುಂಬಿದ ಸೇರನ್ನು ಕಟ್ಟೆಯ ಮೇಲಿಟ್ಟು ಎದ್ದು ನಿಂತಳು. ಆಗ ಅವಳ ಮೂಗಿಗೆ ವಾಸನೆ ತಾಗಿತು, ಒಣಗಿಸಿದ ದಾಳಿಂಬೆ ಸಿಪ್ಪೆಯ ವಾಸನೆ. ಪಕ್ಕದ ಮನೆಯಿಂದ ಬಂದದ್ದಲ್ಲ, ಅವಳ ಕಾಲ ಬುಡದಿಂದಲೇ ಬಂತು.

ಬಗ್ಗಿ ನೋಡಿದರೆ ಬಾವಿಯೊಳಗೆ ಕತ್ತಲೆ ಮೇಲಕ್ಕೆ ಬರುತ್ತಿತ್ತು. ಒಂದು ಚೂರೂ ಸದ್ದಿಲ್ಲದೆ, ಅವಸರವಿಲ್ಲದೆ, ಇಷ್ಟು ವರ್ಷ ಕೊಡ ಬಡಿದು ಬಡಿದು ಬಿಳಿಚಿದ ಒಂದೊಂದೇ ಕಲ್ಲನ್ನು ಮುಳುಗಿಸುತ್ತ ಏರಿತು. ಕಟ್ಟೆಯ ಅಂಚಿಗೆ ಬಂತು. ಅಂಚನ್ನೂ ದಾಟಿ ಒಂದು ಬೆರಳಿನಷ್ಟು ಮೇಲೆದ್ದು, ಚೆಲ್ಲದೆ, ಜೋಳದ ಸೇರಿನ ಎದುರಿಗೆ ಬಂದು ನಿಂತಿತು. ಆಕಾಶ ಪೂರಾ ಅದರಲ್ಲಿತ್ತು. ನಮ್ಮೂರಲ್ಲಿ ಹುಟ್ಟಿದ ಯಾರೂ ಅಷ್ಟು ತುಂಬಿದ ಬಾವಿ ನೋಡಿದ್ದಿಲ್ಲ.

ಅವಳು ಆಗ ಸೇರನ್ನು ಎತ್ತಿಕೊಳ್ಳಬೇಕಿತ್ತು. ಚೊಂಬು ನೀರು ತರಬೇಕಿತ್ತು, ಬೆಲ್ಲ ಇಡಬೇಕಿತ್ತು, "ಬರ್ರಿ, ಕೂಡ್ರಿ" ಎನ್ನಬೇಕಿತ್ತು. ಆದರೆ ಕಟ್ಟೆಯ ಮೇಲೆ, ಹೊಸ್ತಿಲಲ್ಲಿ ಇಟ್ಟ ಹಾಗೆ, ತುಂಬಿದ ಸೇರು, ಅದರ ಆಚೆ ತಲೆ ಬಗ್ಗಿಸಿ ನಿಂತಂತೆ ನಿಂತ ಎಣ್ಣೆ. ಇಂಥದನ್ನು ಅವಳು ಮಂದಿಯ ಮನೆಗಳ ಮದುವೆಯಲ್ಲಿ ಮಾತ್ರ ನೋಡಿದ್ದಳು, ಅವಳ ಮನೆಯ ಹೊಸ್ತಿಲಿಗೆ ಯಾವ ಸೊಸೆಯೂ ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಅವಳು ತಡೆಯಲಿಲ್ಲ.

"ಒದಿ ನಮ್ಮವ್ವಾ," ಎಂದಳು. "ಬಲಗಾಲಿಟ್ಟು ಒಳಗ ಬಾ."

ಎಣ್ಣೆ ಒಂದು ಸಲ ಉಸಿರೆಳೆದಂತೆ ಉಬ್ಬಿತು. ಸೇರು ವಾಲಿ ಉರುಳಿತು. ಅರ್ಧ ಜೋಳ ಅಂಗಳಕ್ಕೆ ಚೆಲ್ಲಿತು, ಅರ್ಧ ಬಾವಿಯೊಳಗೆ ಬಿದ್ದು ಮುಳುಗಿತು. ಕಾಶವ್ವ ನೆಲಕ್ಕೆ ಹಣೆ ಹಚ್ಚಿ ಅತ್ತಳು.

ಆಮೇಲಿನ ದಿನಗಳ ವೈಭವವನ್ನು ಏನೆಂದು ಹೇಳಲಿ. ಆ ದಾಳಿಂಬೆ ದೇಶದ ಎಣ್ಣೆ ಊರಿನ ಎಷ್ಟೋ ಬಾವಿಗಳಿಗೆ ಬಂದಿತ್ತು, ಆದರೆ ಕಾಶವ್ವನಲ್ಲಿ ಬಂದಷ್ಟು ಎಲ್ಲಿಯೂ ಇರಲಿಲ್ಲ. ಟ್ಯಾಂಕರುಗಳು ಅವಳ ಓಣಿಯಲ್ಲಿ ತಿರುಗಲಾಗದೆ ಹಿಮ್ಮುಖವಾಗಿಯೇ ಹೊರಗೆ ಬರಬೇಕಾಗುತ್ತಿತ್ತು. ಬಾವಿ ಸಭೆಯಲ್ಲಿ ಅವಳಿಗೆ ಕುರ್ಚಿ ಹಾಕಿದರು. ಯಮನಪ್ಪ ಹೊಸ ರುಮಾಲು ಸುತ್ತಿಕೊಂಡು ನನ್ನ ಖಾನಾವಳಿಗೆ ಬಂದು, "ನಮ್ಮ ಬಾವಿ" ಎಂದು ಶುರುಮಾಡಿದರೆ ಸಾರು ಆರಿ ತಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ. ಕಾಶವ್ವ ದಿನಾ ಬೆಳಿಗ್ಗೆ ಎದ್ದು ಬಾವಿಯ ಹತ್ತಿರ ಹೋಗಿ, "ಎದ್ದೇನ ನಮ್ಮವ್ವಾ, ಎಲ್ಲಾ ಆರಾಮ ಐತೇನು" ಎಂದು ಕೇಳುತ್ತಿದ್ದಳು. ನೆರೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಕ್ಕರೆ ನಗಲಿ ಎಂದಳು ಅವಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ತನ್ನ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ಬಂದಿದೆ ಎಂದು ಹಿಗ್ಗಿದಳು.

ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಆ ದೇಶದಲ್ಲಿ ಗದ್ದಲ ಅಡಗಿತು. ಒಂದು ಸಂಜೆ ಊರ ಬಾವಿಗಳ ನೆಂಟ ಎಣ್ಣೆಯೆಲ್ಲ ಇಳಿಯಿತು. ಜನ ರೀತಿಯ ಪ್ರಕಾರ ಕಟ್ಟೆಯ ಬಳಿ ಕೈಮುಗಿದು ನಿಂತು ಕಳಿಸಿಕೊಟ್ಟರು. ಕಾಶವ್ವನೂ ಕೈಮುಗಿದು ನಿಂತಳು, ಕಣ್ಣು ಮುಚ್ಚಿಕೊಂಡು. ಕಣ್ಣು ಬಿಟ್ಟರೆ ಎಣ್ಣೆ ಅಲ್ಲೇ ಇತ್ತು. ಮರುದಿನವೂ ಇತ್ತು, ಮರುವಾರವೂ ಇತ್ತು. ಅವಳಿಗೆ ಮೊದಲು ಅನುಮಾನ, ಆಮೇಲೆ ಆನಂದ.

ಗುಟ್ಟನ್ನು ಹೊರಹಾಕಿದವನು ಯಮನಪ್ಪ. ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಜೋಳದ ಸೇರಿನ ಸುದ್ದಿ ಕೇಳಿದ ರುದ್ರಗೌಡರು ಅದೇ ಹೆಜ್ಜೆಯಲ್ಲಿ ಕಾಶವ್ವನ ಮನೆಗೆ ಬಂದರು. ಉಕ್ಕಿ ನಿಂತ ಬಾವಿಯನ್ನೂ ಅವಳನ್ನೂ ನೋಡಿದರು.

"ಹಂಗಾರ ಸೇರು ಒದ್ದು ಬಂದದ್ದು ನೆಂಟಲ್ಲ, ಸೊಸಿ. ಸೊಸಿ ಬಂದ ಮನಿ ಬಿಟ್ಟು ಹೋಗೂದಿಲ್ಲ. ಯವ್ವಾ ಕಾಶವ್ವಾ, ನಮ್ಮ ಅಜ್ಜ ಮುತ್ತಜ್ಜಗ ತಿಳೀಲಾರದ್ದು ನೀ ಮಾಡಿದಿ."

"ನಾ ಬೇಕಂತ ಮಾಡಿಲ್ರಿ ಗೌಡ್ರ."

"ಬ್ಯಾಡಂತ ಅಂತೂ ಮಾಡಿಲ್ಲಲಾ," ಎಂದು ಗೌಡರು ನಕ್ಕರು.

ಅವರು ಹಿತ್ತಾಳೆ ಕೆಲಸದವನನ್ನು ಕರೆಸಿ ಊರ ಬಾವಿಗೊಂದರಂತೆ ಸೇರು ಮಾಡಲು ಹೇಳಿದರು. ಇನ್ನು ಮೇಲೆ ಎಲ್ಲಿ ಗದ್ದಲವಾದರೂ ಬಂದದ್ದು ತಿರುಗಿ ಹೋಗಬಾರದು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಖಾನಾವಳಿಗೂ ಅದೇ ಎಣ್ಣೆ, ಅದೇ ಟ್ಯಾಂಕರುಗಳ ಗಿರಾಕಿ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಸುಮ್ಮನಾದೆ.

ಕಾಶವ್ವನಿಗೆ ಮಾತ್ರ ಆ ದಿನಗಳಿಂದ ಒಂದು ಕಸಿವಿಸಿ ಹತ್ತಿತು. ಊರ ಉಳಿದ ನೆಂಟರು ಹೋದಾಗಿನಿಂದ ಅವಳ ಬಾವಿಯ ಎಣ್ಣೆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಗುತ್ತಿತ್ತು. ಗಾಳಿ ಇರುತ್ತಿರಲಿಲ್ಲ, ಅಂಗಳದ ತುಳಸಿಯ ಎಲೆ ಅಲುಗುತ್ತಿರಲಿಲ್ಲ, ಎಣ್ಣೆಯ ಮೈ ಮಾತ್ರ ಸಣ್ಣಗೆ ಸುಕ್ಕುಗಟ್ಟುತ್ತಿತ್ತು. ದಾಳಿಂಬೆಯ ವಾಸನೆ ಆಗ ಎಷ್ಟು ಗಾಢವಾಗುತ್ತಿತ್ತೆಂದರೆ ಅವಳ ಗಂಟಲು ಒಗರಾಗುತ್ತಿತ್ತು. ತವರಿನ ದಾರಿ ನೋಡುತ್ತ ಬಾಗಿಲಲ್ಲಿ ನಿಂತ ಎಳೆಯ ಸೊಸೆಯನ್ನು ಕಂಡವರಿಗೆ ಆ ನಡುಕ ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾಶವ್ವನೂ ಒಂದು ಕಾಲಕ್ಕೆ ಹಾಗೆ ಬಾಗಿಲಲ್ಲಿ ನಿಂತವಳೇ.

ಒಂದು ಮಧ್ಯಾಹ್ನ ಅವಳು ಮೊಸರು ಒಯ್ಯಲು ನನ್ನಲ್ಲಿಗೆ ಬಂದಿದ್ದಾಗ ಇಮಾಮಸಾಬ ಊಟಕ್ಕೆ ಕೂತಿದ್ದ. ಆ ದೇಶದ ದಾರಿಯಲ್ಲೇ ಟ್ಯಾಂಕರ್ ಓಡಿಸುವವನು, ಅಲ್ಲಿನ ಮಾತು ಅರ್ಧಂಬರ್ಧ ಬಲ್ಲವನು. ಅಲ್ಲಿ ಈಗ ಹೇಗಿದೆ ಎಂದು ನಾನೇ ಕೇಳಿದೆ.

"ಮಂದಿ ತಿರುಗಿ ಊರಿಗೆ ಬರಾಕತ್ತ್ಯಾರ," ಎಂದ ಅವನು. "ಬಾವಿ ಎಲ್ಲಾ ತುಂಬ್ಯಾವ. ಗುಡ್ಡದ ಮಗ್ಗಲಿಗೆ ಒಂದು ಸಣ್ಣೂರು ಐತಿ, ದಾಳಿಂಬರಿ ತೋಟದೂರು. ಆ ಊರಿನ ಎಣ್ಣಿ ಒಂದು ಇನ್ನೂ ಬಂದಿಲ್ಲಂತ. ದಿನಾ ಸಂಜೀಕ ಊರ ಮಂದಿ ಎಲ್ಲಾ ಬಾವಿ ಸುತ್ತ ಕುಂತಿರ್ತಾರ, ದೀಪ ಇಲ್ಲದ. ನಾನೂ ಒಂದಿನ ನಿಂತು ನೋಡಿ ಬಂದೆ. ಎದಿ ಹಿಂಡಿದಂಗಾತು."

ಕಾಶವ್ವ ಮೊಸರಿನ ಗಡಿಗೆಯನ್ನು ಅಲ್ಲೇ ಮರೆತು ಮನೆಗೆ ಹೋದಳು. ಯಮನಪ್ಪನನ್ನು ಎಬ್ಬಿಸಿ ಹೇಳಿದಳು. ಅವನು ಎದ್ದು ಕೂತು ತಲೆ ಕೆರೆದುಕೊಂಡ.

"ಹಂಗಂದ್ರ ಏನ್ ಮಾಡ್ತಿ? ಕಳಸ್ತಿ? ಕಳಿಸಿ ನೀನೂ ನಾನೂ ಉಪ್ಪ ಕೆರಿಯಾಕ ಹೋಗೂನು?"

"ನಾ ಹೆಂಗ ಕಳಸ್ಲಿ," ಎಂದಳು ಕಾಶವ್ವ. "ಸೇರು ಒದ್ದು ಬಂದಾಕಿ. ತವರಿನವರು ಕರಿಯಾಕ ಬಂದ್ರ ಕಳಸೂದು ರೀತಿ. ಯಾರೂ ಬರದ ಸೊಸಿನ್ನ ಹೊರಗ ಹಾಕ್ತಾರೇನು? ಬರ್ಲಿ, ಯಾರರ ಬರ್ಲಿ, ನೋಡೂಣು."

ಯಾರೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಹೇಳಿದಳು. ಆ ದೇಶವೆಲ್ಲಿ, ನಮ್ಮ ಗೋಡೆಯೆಲ್ಲಿ. ಅವರಿಗೆ ಎಣ್ಣೆ ಎಲ್ಲಿಗೆ ಹೋಗಿದೆಯೆಂದಾದರೂ ಹೇಗೆ ತಿಳಿಯಬೇಕು. ಆ ಮಾತನ್ನು ಹಿಡಿದುಕೊಂಡು ಅವಳು ಸಂಜೆಯ ನಡುಕವನ್ನು ನೋಡದ ಹಾಗೆ ಬಾವಿಗೆ ಬೆನ್ನು ಮಾಡಿ ಕೂರಲು ಕಲಿತಳು.

ಆದರೆ ಬಂದರು. ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇಮಾಮಸಾಬನ ಟ್ಯಾಂಕರ್ ನನ್ನ ಖಾನಾವಳಿಯ ಮುಂದೆ ನಿಂತಿತು. ಅವನು ಕೈಕೊಟ್ಟು ಒಬ್ಬ ಮುದುಕಿಯನ್ನು ಇಳಿಸಿದ. ತಲೆಯ ಮೇಲೆ ಕರಿ ವಸ್ತ್ರ, ಕಾಲಲ್ಲಿ ಗಂಡಸಿನ ಬೂಟು, ಕಂಕುಳಲ್ಲಿ ಒಂದು ಬುತ್ತಿಗಂಟು. ಕರಿ ವಸ್ತ್ರದ ಅಂಚು ಒಂದು ಕಡೆ ಸುಟ್ಟು ಮುದುಡಿತ್ತು. ಅವಳು ನನ್ನ ಮುಂದೆ ಬಂದು ಸೊಂಟದ ಚೀಲದಿಂದ ಒಂದು ಚಿಂದಿ ಬಿಚ್ಚಿದಳು. ಅದರಲ್ಲಿ ಒಂದು ಹಿಡಿ ಜೋಳವಿತ್ತು, ಎಣ್ಣೆ ಕುಡಿದು ಕಪ್ಪಾದದ್ದು.

"ಇವರ ಬಾವಿ ತಳದಾಗ ಸಿಕ್ಕಾವಂತ," ಎಂದ ಇಮಾಮಸಾಬ. "ಅವರ ದೇಶದಾಗ ಈ ಕಾಳು ಬೆಳ್ಯೂದಿಲ್ಲ. ಟ್ಯಾಂಕರ್ ನಿಂತ ಕಡೆ ಎಲ್ಲಾ ತೋರಿಸಿಕೋಂತ, ಇದು ಯಾರ ಕಾಳು, ಇದು ಯಾರ ಕಾಳು ಅಂತ ಕೇಳಿಕೋಂತ ಬಂದಾಳ. ನಾ ನೋಡಿದ ಕೂಡಲೇ ಗುರುತು ಹಿಡಿದೆ."

ನಮ್ಮೂರ ಬಾವಿಯಲ್ಲಿ ಬಿದ್ದ ಕಾಳು ಯಾವ ದಾರಿಯಿಂದ, ಎಷ್ಟು ಗುಡ್ಡಗಳ ಬುಡದಿಂದ ಉರುಳಿಕೊಂಡು ಹೋಗಿ ಅಲ್ಲಿ ಮುಟ್ಟಿತೋ. ನಾನು ಖಾನಾವಳಿಯನ್ನು ಬಾಗಿಲು ಕೂಡ ಹಾಕದೆ ಬಿಟ್ಟು ಅವರನ್ನು ಕಾಶವ್ವನ ಮನೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಜನ ಕೂಡಿಕೊಳ್ಳುತ್ತ ಬಂದರು.

ಕಾಶವ್ವ ಆ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದಳು. ಬಿಳಿಜೋಳ, ಅವಳದೇ. ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು. ಕಾಶವ್ವ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು, ಆ ಗಂಡಸಿನ ಬೂಟುಗಳನ್ನು ತಾನೇ ಬಿಚ್ಚಿ ಕಾಲಿಗೆ ನೀರು ಹಾಕಿದಳು. ಆ ಕಾಲುಗಳು ಒಡೆದು ಬಾಯಿಬಿಟ್ಟಿದ್ದವು.

"ಕೂಡ್ರಿ ಬೀಗ್ತಿ," ಎಂದಳು. "ದೂರದಿಂದ ಬಂದೀರಿ. ಮೊದಲ ಊಟ ಮಾಡ್ರಿ."

ಬೀಗತಿ ಎಂದದ್ದು ಕೇಳಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ರುದ್ರಗೌಡರು ಬಂದರು. ಅವರು ಕೂಗಾಡುವ ಮನುಷ್ಯರಲ್ಲ. ಕಾಶವ್ವನನ್ನು ಗೋಡೆಯ ಮರೆಗೆ ಕರೆದು ಮೆಲ್ಲಗೆ ಹೇಳಿದರು.

"ಮುದುಕಿಗೆ ಹೊಟ್ಟಿ ತುಂಬ ಊಟ ಹಾಕು, ಸೀರಿ ಕೊಡು, ಏನ್ ಬೇಕಾರ ಕೊಡು. ಬಾವಿ ಮಾತ್ರ ಬಿಡಬ್ಯಾಡ. ನೀ ಇವತ್ತು ಬಿಟ್ಟೆಂದ್ರ ನಾಳೆ ಒಬ್ಬೊಬ್ಬರೂ ಕಾಳು ತೋರಿಸಿಕೋಂತ ಬರ್ತಾರ. ಮಾಡಿಸಿದ ಸೇರು ಎಲ್ಲಾ ಗುಜರಿಗೆ ಹಾಕಬೇಕಾಕೈತಿ. ಮತ್ತ ಒಂದು ಮಾತು ಯವ್ವಾ. ಖಾಲಿ ಬಾವಿ ಆದ್ರ ಈ ಸಲ ಹುಣ್ಣಿಮಿ ಗಿಣ್ಣಿಮಿ ನೋಡೂದಿಲ್ಲ. ನಾಳೇನ ಕಲ್ಲು."

ಕಾಶವ್ವ ತಲೆ ತಗ್ಗಿಸಿ ಕೇಳಿದಳು. ಅವಳಿಗೆ ಆ ಹೊತ್ತಿನಲ್ಲಿ ಹೆದರಿಕೆಯೇ ಹೆಚ್ಚಿತ್ತು ಎಂದು ಆಮೇಲೆ ನನಗೆ ಹೇಳಿದಳು. ಮುದುಕಿಗೆ ಸೀರೆ ಉಡಿಸಿ ಕಳಿಸಿಬಿಡೋಣ ಎಂದು ಪೆಟ್ಟಿಗೆಯ ತನಕ ಹೋಗಿದ್ದಳಂತೆ. ಪೆಟ್ಟಿಗೆ ತೆರೆದು ಸೀರೆಗೆ ಕೈ ಹಾಕಿದ್ದಳಂತೆ.

ಹೊರಗೆ ಗಲಾಟೆ ನಿಂತು ಹೋದದ್ದು ಕೇಳಿ ಅವಳು ಬಂದು ನೋಡಿದಳು. ಮುದುಕಿ ಬಾವಿಕಟ್ಟೆಗೆ ಎರಡೂ ಕೈ ಊರಿ ಬಗ್ಗಿದ್ದಳು. ತನ್ನ ಮಾತಿನಲ್ಲಿ ಏನೋ ಒಂದು ಶಬ್ದ ಅಂದಳು, ಹೊತ್ತು ಮುಳುಗಿದ ಮೇಲೆ ಆಡಲು ಹೋದ ಮಗಳನ್ನು ಕರೆಯುವ ದನಿಯಲ್ಲಿ. ಆ ಶಬ್ದ ನಮಗೆ ಯಾರಿಗೂ ತಿಳಿಯಲಿಲ್ಲ. ಎಣ್ಣೆಗೆ ತಿಳಿಯಿತು. ಬಾವಿಯ ಅಷ್ಟೂ ಎಣ್ಣೆ, ಟ್ಯಾಂಕರುಗಟ್ಟಲೆ ಸೇದಿದರೂ ಬೆರಳಷ್ಟು ಇಳಿಯದ ಎಣ್ಣೆ, ಆ ಮುದುಕಿ ನಿಂತ ಕಡೆಗೆ ವಾಲಿತು. ಆಚೆ ಬದಿಯ ಕಟ್ಟೆಯ ಕಲ್ಲು ಬರಿದಾಗಿ ಬಿಸಿಲಿಗೆ ಬಿತ್ತು, ಈಚೆ ಬದಿಯಲ್ಲಿ ಎಣ್ಣೆ ಎದ್ದು ನಿಂತು ಅವಳ ಕೈಗಳ ತನಕ ಬಂತು. ಚೆಲ್ಲಲಿಲ್ಲ. ಅವಳ ಸುಕ್ಕು ಬೆರಳುಗಳನ್ನು ಮುಟ್ಟಿಕೊಂಡು ಹಾಗೇ ಇತ್ತು. ರುದ್ರಗೌಡರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಯಾವಾಗ ತೆಗೆದರೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಕಾಶವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಮೊರವಿತ್ತು. ಮೊರದಲ್ಲಿ ಹಸಿರು ಕುಬಸದ ಖಣ, ಒಂದು ಬಟ್ಟಲು ಕೊಬ್ಬರಿ, ಅರಿಶಿನ ಬೇರು, ಕುಂಕುಮ, ಎಲೆ ಅಡಿಕೆ, ಐದು ಹಿಡಿ ಜೋಳ. ತವರಿಗೆ ಹೊರಟ ಸೊಸೆಗೆ ಉಡಿ ತುಂಬುವ ಸಾಮಾನು. ಯಮನಪ್ಪ ಅಡ್ಡ ಬಂದು ನಿಂತ.

"ಕಾಶಿ, ಒಂದ ಸಲ ವಿಚಾರ ಮಾಡು."

"ಮಾಡೀನಿ," ಎಂದಳು ಅವಳು. "ಕರಿಯಾಕ ಬಂದಾರ. ಇನ್ನ ಏನ್ ನೆವ ಹೇಳ್ಲಿ? ದಾರಿ ಬಿಡ್ರಿ."

ಅವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ಅವಳು ಒಂದೊಂದಾಗಿ ಎಲ್ಲವನ್ನೂ ಎಣ್ಣೆಯ ಮೇಲೆ ಇಟ್ಟಳು. ಒಂದೂ ಮುಳುಗಲಿಲ್ಲ. ಖಣ, ಕೊಬ್ಬರಿ, ಜೋಳ ಎಲ್ಲ ಮಡಿಲಲ್ಲಿ ಇಟ್ಟಂತೆ ಕೂತವು. ಅರಿಶಿನ ಕುಂಕುಮ ಹಚ್ಚಲು ಹಣೆ ಯಾವುದೆಂದು ತಿಳಿಯದೆ ಒಂದು ಗಳಿಗೆ ತಡವರಿಸಿ, ಕೊನೆಗೆ ಎಣ್ಣೆಯಲ್ಲಿ ಕಂಡ ತನ್ನದೇ ಮುಖದ ಹಣೆಗೆ ಬೆರಳು ಒತ್ತಿದಳು.

ಇನ್ನು ಉಳಿದದ್ದು ಒಂದು ಮಾತು. ಹೆಣ್ಣುಮಕ್ಕಳನ್ನು ಕಳಿಸುವಾಗ, ನೆಂಟರನ್ನು ಕಳಿಸುವಾಗ, ಮನೆಯ ಬಾಗಿಲಲ್ಲಿ ನಿಂತು ನಾವೆಲ್ಲ ಹೇಳುವ ಮಾತು. ಹೋಗು ಎಂದು ಯಾರೂ ಯಾರಿಗೂ ಹೇಳುವುದಿಲ್ಲ, ಅದು ಸಾವಿನ ಮನೆಯ ಮಾತು. ಹೋಗಿ ಬಾ ಎನ್ನಬೇಕು. ಅಂಗಳದ ತುಂಬ ಕೈಮುಗಿದು ನಿಂತ ನಾವು ಅವಳು ಅದನ್ನು ಹೇಳಲಿ ಎಂದು ಕಾದೆವು. ಅವಳು ಬಾಯಿ ತೆರೆದಳು. "ಹೋಗಿ," ಎಂದಳು. ಅಲ್ಲಿಗೆ ನಿಂತಳು. ಮುದುಕಿಯ ಕರಿ ವಸ್ತ್ರದ ಸುಟ್ಟ ಅಂಚನ್ನು ನೋಡಿದಳು, ಒಡೆದ ಕಾಲುಗಳನ್ನು ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು. ಈ ಎಣ್ಣೆ ತಿರುಗಿ ಬರಬೇಕೆಂದರೆ ಅಲ್ಲಿ ಏನು ಆಗಬೇಕು ಎಂಬುದು ಅವಳಿಗೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ.

"ಹೋಗು," ಎಂದಳು ಕಾಶವ್ವ. ಹೆಂಗಸರು ಹೌಹಾರಿ ಬಾಯಿಗೆ ಸೆರಗು ಹಿಡಿದರು. ಅವಳು ಅಳುತ್ತಲೇ ಗಟ್ಟಿಯಾಗಿ ಹೇಳಿದಳು: "ಹೋಗು ನಮ್ಮವ್ವಾ. ಮತ್ತ ಬರಬ್ಯಾಡ. ನನ್ನ ಹೊಸ್ತಿಲ ಎಂದೂ ತುಳೀಬ್ಯಾಡ. ನಿನ್ನ ಮಾರಿ ನನಗ ಎಂದೂ ತೋರಿಸಬ್ಯಾಡ."

ಬದ್ಧವೈರಿಗೂ ಆಡಬಾರದ ಮಾತುಗಳು. ಇಮಾಮಸಾಬ ಅವನ್ನು ಮುದುಕಿಯ ಕಿವಿಯಲ್ಲಿ ಹೇಳಿದ. ಮುದುಕಿ ಕಾಶವ್ವನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಎಣ್ಣೆ ಇಳಿಯತೊಡಗಿತು. ಹಸಿರು ಖಣ ಒಂದೊಂದೇ ಕಲ್ಲು ದಾಟಿ ಕೆಳಗೆ ಕೆಳಗೆ ಹೋಗಿ ಒಂದು ಚುಕ್ಕೆಯಾಗಿ ಕಾಣದಾಯಿತು. ಬಹಳ ಹೊತ್ತಾದ ಮೇಲೆ ಬಾವಿಯ ತಳದಿಂದ, ಎಷ್ಟು ದೂರದಿಂದಲೋ, ಒಂದು ಸದ್ದು ಬಂತು. ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು, ಅದರ ಹಿಂದೆಯೇ ಅಳುವೋ ನಗುವೋ ಹೇಳಲಾಗದ ಕೂಗು. ಕಾಶವ್ವ ಕಟ್ಟೆಗೆ ಕಿವಿ ಹಚ್ಚಿ ಅದು ನಿಲ್ಲುವವರೆಗೂ ಕೇಳಿದಳು.

ಮರುದಿನ ಕಲ್ಲು ಮುಚ್ಚಿದರು. ಅವಳು ಯಮನಪ್ಪನ ಜೊತೆ ಬಯಲಿಗೆ ಹೋದಳು, ಈಗಲೂ ಅಲ್ಲೇ ಇದ್ದಾಳೆ. ಅದೆಲ್ಲ ರೀತಿಯಂತೆ ಆಯಿತು. ಆದರೆ ಅವತ್ತು, ಬಾವಿ ಖಾಲಿಯಾದ ಮೇಲೆ, ಆ ಅಂಗಳದಿಂದ ಒಬ್ಬರೂ ಕದಲಲಿಲ್ಲ. ಅಲ್ಲಿ ನಿಂತ ನಾವೆಲ್ಲ ನಮ್ಮ ನಮ್ಮ ಬಾವಿಗಳಿಂದ ನೆಂಟ ಎಣ್ಣೆಯನ್ನು ಕಳಿಸಿದವರೇ. ಅಜ್ಜನ ಕಾಲದಿಂದ, ಮುತ್ತಜ್ಜನ ಕಾಲದಿಂದ, ಒಂದು ಸಲವೂ ತಪ್ಪದೆ, ಬಾಯಿತುಂಬ ಪ್ರೀತಿಯಿಂದ, ಹೋಗಿ ಬರ್ರಿ, ಹೋಗಿ ಬರ್ರಿ ಎಂದು ಹೇಳಿ ಕಳಿಸಿದವರು. ಅದು ಪ್ರತಿ ಸಲವೂ ತಿರುಗಿ ಬಂದಿತ್ತು. ರುದ್ರಗೌಡರು ನೆಲ ನೋಡುತ್ತಿದ್ದರು. ಮುಗಿದು ನಿಂತ ಕೈಗಳನ್ನು ಬಿಡಿಸಿ ಎಲ್ಲಿ ಇಟ್ಟುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ.